ಯಾವ ಕೆಲಸ ಪ್ಲ್ಯಾನಿನ ಒಳಗೆ, ಯಾವುದು ಹೊರಗೆ?

ಪ್ಲ್ಯಾನಿಂಗ್ ಸಾಫ್ಟ್‌ವೇರ್ ಬಗ್ಗೆ ನನ್ನ ಹತ್ತಿರ ಬರುವ ದೂರುಗಳಲ್ಲಿ ಹೆಚ್ಚಿನವು ಒಂದೇ ಥರ. "ಎಲ್ಲ ಕೆಲಸ ಹಾಕಿದ್ದೇವೆ ಸರ್. ಆದರೂ ಅದು ತೋರಿಸೋ ತಾರೀಕು ನಂಬೋ ಹಾಗಿಲ್ಲ." ನಾನು ಮೊದಲು ನೋಡುವುದು ಆ 'ಎಲ್ಲ ಕೆಲಸ'ವನ್ನೇ. ಸಾಮಾನ್ಯವಾಗಿ ತಾರೀಕನ್ನು ಕೆಡಿಸುವುದು ಬಿಟ್ಟುಹೋದ ಕೆಲಸಕ್ಕಿಂತ ಸುಮ್ನೆ ಸೇರಿಕೊಂಡ ಕೆಲಸ.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಕಾರವಾರದ ಬೈತಖೋಲ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟ್ ರಿಪೇರಿ ಇದೆ ಅಂದುಕೊಳ್ಳಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಮೀನು ಬರದಿದ್ದರೆ ಐಸಿಗೂ ಗಿರಾಕಿ ಕಡಿಮೆ. ಹಾಗಾಗಿ ಕಂಪ್ರೆಸರ್ ಬಿಚ್ಚುವುದು, ಬ್ರೈನ್ ಟ್ಯಾಂಕ್ ತೂತು ಮುಚ್ಚುವುದು, ಅಮೋನಿಯಾ ಪೈಪ್ ಬದಲಿಸುವುದು, ನೆಲಕ್ಕೆ ಹೊಸ ಕಾಂಕ್ರೀಟ್ ಹಾಕುವುದು ಎಲ್ಲ ಆಗಲೇ ಆಗಬೇಕು. ಆಗಸ್ಟ್ 1ಕ್ಕೆ ಐಸ್ ತಯಾರಿರಬೇಕು.

ಈ ಪ್ಲ್ಯಾನನ್ನು ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಹಾಕುವಾಗ ಗುತ್ತಿಗೆದಾರರು ಪಟ್ಟಿಯ ಕೊನೆಗೆ ಇನ್ನೊಂದು ಸಾಲು ಸೇರಿಸುತ್ತಾರೆ: 'ಒಂದು ವರ್ಷದ ನಂತರ ತಪಾಸಣೆ, ಡಿಪಾಸಿಟ್ ವಾಪಸ್'. ಮುಂದಿನ ವರ್ಷದ ಒಂದು ತಾರೀಕು ಕೊಡುತ್ತಾರೆ, ಬೇರೆ ಯಾವ ಕೆಲಸಕ್ಕೂ ಕೊಂಡಿ ಹಾಕುವುದಿಲ್ಲ. ಮರೆತುಹೋಗಬಾರದು ಅಂತ, ಅಷ್ಟೇ.

ಆದರೆ ಆ ಒಂದು ಸಾಲು ಇಡೀ ಲೆಕ್ಕವನ್ನು ಕೆಡಿಸುತ್ತದೆ. ಸಾಫ್ಟ್‌ವೇರಿಗೆ ಪ್ರಾಜೆಕ್ಟ್ ಮುಗಿಯುವ ದಿನ ಅಂದರೆ ಫೈಲಿನಲ್ಲಿರುವ ಎಲ್ಲಕ್ಕಿಂತ ಕೊನೆಯ ತಾರೀಕು. ಪ್ರತಿ ಕೆಲಸ ಎಷ್ಟು ತಡವಾದರೂ ನಡೆದೀತು ಅನ್ನುವುದನ್ನು ಅದು ಅಲ್ಲಿಂದ ಹಿಂದಕ್ಕೆ ಎಣಿಸುತ್ತದೆ. ಈಗ ಕೊನೆಯ ತಾರೀಕು ಮುಂದಿನ ವರ್ಷಕ್ಕೆ ಹೋಯಿತಲ್ಲ? ಕಂಪ್ರೆಸರ್ ರಿಪೇರಿಗೂ ತಿಂಗಳುಗಟ್ಟಲೆ ಸಡಿಲು, ಅಂದರೆ ಕೊನೆಯ ತಾರೀಕು ಕೆಡದಂತೆ ತಡಮಾಡಬಹುದಾದ ದಿನಗಳು, ಸಿಕ್ಕಿತು. ಕೆಂಪು ಗೆರೆಯ ಕ್ರಿಟಿಕಲ್ ಪಾತ್, ಅಂದರೆ ಒಂದು ದಿನ ತಡವಾದರೂ ಇಡೀ ಪ್ರಾಜೆಕ್ಟನ್ನು ತಡಮಾಡುವ ಕೆಲಸಗಳ ಸರಪಳಿ, ಮಾಯ. ತಪಾಸಣೆಯ ಸಾಲು ಮಾತ್ರ ಕೆಂಪಾಗಿ ಕೂತಿರುತ್ತದೆ. ಜುಲೈನಲ್ಲಿ ಬೇರಿಂಗ್ ಬರುವುದು ಹತ್ತು ದಿನ ತಡವಾದರೂ ಪರದೆಯಲ್ಲಿ ಯಾವ ಎಚ್ಚರಿಕೆಯೂ ಇಲ್ಲ. ದೋಣಿಗಳು ಕಡಲಿಗೆ ಇಳಿದ ಮೇಲೆಯೇ ಗೊತ್ತಾಗುವುದು.

ತಪಾಸಣೆ ಬೇಡ ಅಂತಲ್ಲ. ಅದಕ್ಕೆ ಬೇರೆ ಫೈಲ್ ಮಾಡಿ, ಇಲ್ಲ ಫೋನಿನ ರಿಮೈಂಡರ್ ಸಾಕು. ಇದೇ ಫೈಲಿನಲ್ಲಿ ಇಡಲೇಬೇಕು ಎಂದರೆ 'ಪ್ಲಾಂಟ್ ಚಾಲೂ' ಎಂಬ ಮೈಲಿಗಲ್ಲಿಗೆ ಜುಲೈ 31ರ ಡೆಡ್‌ಲೈನ್ ಹಾಕಿ. ಆಗ ಸಡಿಲು ಆ ದಿನದಿಂದ ಎಣಿಕೆಯಾಗುತ್ತದೆ.

ಹಾಗಾದರೆ ಒಳಗೆ ಬರಬೇಕಾದ್ದು ಯಾವುದು? ನಮ್ಮ ವೃತ್ತಿಯಲ್ಲಿ ನೂರಕ್ಕೆ ನೂರರ ನಿಯಮ ಅಂತ ಒಂದಿದೆ. ಒಪ್ಪಿಕೊಂಡ ಕೆಲಸವೆಲ್ಲ ಪಟ್ಟಿಯಲ್ಲಿ ಇರಬೇಕು, ಒಪ್ಪಿಕೊಳ್ಳದ್ದು ಒಂದೂ ಇರಬಾರದು. ಕೇಳಲು ಸುಲಭ. ಸೈಟಿನಲ್ಲಿ ನಾನು ಕೇಳುವ ಪ್ರಶ್ನೆ ಇನ್ನೂ ಒರಟು: ಇದೊಂದು ಆಗದಿದ್ದರೆ ಹ್ಯಾಂಡೋವರ್ ನಿಲ್ಲುತ್ತದಾ? ನಿಲ್ಲುತ್ತದೆ ಅಂದರೆ ಅದು ನಮ್ಮ ಕೈಯಲ್ಲಿರದ ಕೆಲಸವಾದರೂ ಒಳಗೆ ಬರಬೇಕು. ಹೊಸ ಕರೆಂಟ್ ಲೋಡ್ ಮಂಜೂರಿ, ಮರಳಿನ ಪರ್ಮಿಟ್, ಕಡಲ ಅಂಚಿನ ಹೊಸ ಕಟ್ಟಡವಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ, ಎಲ್ಲವೂ ಪಟ್ಟಿಗೆ ಬೇಕು. ವಾರದ ಮೀಟಿಂಗ್, ಜಿಎಸ್‌ಟಿ ರಿಟರ್ನ್, ಆಫೀಸಿನ ಪ್ರಿಂಟರ್ ರಿಪೇರಿ ಬೇಡ. ಅವು ಎಂದೂ ಮುಗಿಯದ ಕೆಲಸಗಳು. ಪ್ರಾಜೆಕ್ಟ್ ಅಂದರೆ ಮುಗಿಯಬೇಕಾದ್ದು, ಅಲ್ವಾ?

ಕರಾವಳಿಯ ಪ್ಲ್ಯಾನುಗಳಲ್ಲಿ ಪದೇ ಪದೇ ಕಾಣುವ ಇನ್ನೊಂದು ಸಾಲು 'ಮಳೆ, 60 ದಿನ'. ಮಳೆ ಯಾರೂ ಮಾಡುವ ಕೆಲಸವಲ್ಲ. ಅದರ ಜಾಗ ಕ್ಯಾಲೆಂಡರ್. ಕೆಲಸದ ಸಾಲಾಗಿ ಹಾಕಿದರೆ ಹಿಂದಿನ ಕೆಲಸ ತಡವಾದಂತೆ ಮಳೆಯೂ ಮುಂದಕ್ಕೆ ಹೋಗುತ್ತದೆ! ಅಕ್ಟೋಬರಿನಲ್ಲಿ ಮುಂಗಾರು ಶುರುವಾಗುವ ಪ್ಲ್ಯಾನುಗಳನ್ನು ನಾನು ನೋಡಿದ್ದೇನೆ. ಸರಿಯಾದ ದಾರಿ ಎರಡು ಕ್ಯಾಲೆಂಡರ್ ಮಾಡುವುದು. ಒಂದು ಹೊರಗಿನ ಕೆಲಸಕ್ಕೆ: ಮಾಡಿನ ಶೀಟ್, ಗೋಡೆಯ ಹೊರಬದಿಯ ಗಾರೆ, ಬಣ್ಣ. ಅದರಲ್ಲಿ ಜೂನ್, ಜುಲೈ ರಜೆ. ಇನ್ನೊಂದು ಒಳಗಿನ ಕೆಲಸಕ್ಕೆ: ಕಂಪ್ರೆಸರ್, ಪೈಪ್, ನೆಲ. ಪ್ರತಿ ಕೆಲಸದ ಮಾಹಿತಿ ಪುಟದಲ್ಲಿ ಅದಕ್ಕೆ ಬೇಕಾದ ಕ್ಯಾಲೆಂಡರ್ ಆರಿಸಬಹುದು. ನಮ್ಮ ಐಸ್ ಪ್ಲಾಂಟಿನಲ್ಲಿ ಇದರಿಂದ ಒಂದು ವಿಷಯ ತಕ್ಷಣ ಎದ್ದು ಕಾಣುತ್ತದೆ. ಮೀನುಗಾರಿಕೆ ರಜೆಯ ಎರಡು ತಿಂಗಳೇ ಜೋರು ಮಳೆಯ ತಿಂಗಳು. ಮಾಡಿನ ಶೀಟು ಮೇ ತಿಂಗಳಲ್ಲೇ, ಪ್ಲಾಂಟ್ ಓಡುತ್ತಿರುವಾಗಲೇ, ಬದಲಿಸಬೇಕು. ಘಟ್ಟದ ಮೇಲಿನವರು ಕ್ಯಾಲೆಂಡರಿಗೆ ಇನ್ನೊಂದು ರಜೆ ಸೇರಿಸಲಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಸೈಟಿಗೆ ಜನ ಸಿಗುತ್ತಾರೆ ಅಂತ ನಂಬುವವರು ಹೊರಗಿನಿಂದ ಬಂದವರೇ ಇರಬೇಕು.

ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟ್ ಗಟ್ಟಿಯಾಗಲು ನೀರು ಹಾಕಿ ಒದ್ದೆ ಇಡುವುದು, ಇದಕ್ಕೆ ಉಲ್ಟಾ. ಅದನ್ನು ಸಾಲಾಗಿ ಹಾಕದೆ ಎರಡು ಕೆಲಸದ ನಡುವೆ ಹತ್ತು ದಿನದ ಅಂತರ ಬಿಡುವವರು ಜಾಸ್ತಿ. ಅಂತರ ಚಾರ್ಟಿನಲ್ಲಿ ಕಾಣುವುದಿಲ್ಲ, ಅದಕ್ಕೆ ಯಾರ ಹೆಸರೂ ಇರುವುದಿಲ್ಲ. ನೀರು ಹಾಕುವವರು ಯಾರು ಅಂತ ಮೇಸ್ತ್ರಿಯನ್ನು ಕೇಳಿದರೆ "ಎಂತಕ್ಕೆ ಕೇಳ್ತೀರಿ, ಯಾರಾದ್ರೂ ಹಾಕ್ತಾರೆ" ಅನ್ನುತ್ತಾರೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು. ಭಾನುವಾರವೂ ಆ ಎಣಿಕೆಯಲ್ಲೇ ಬರುತ್ತದೆ. ಹಾಗಾಗಿ ಅದಕ್ಕೊಂದು ಸಾಲು ಕೊಡಿ, ಒಬ್ಬರ ಹೆಸರು ಹಾಕಿ. ಅವಧಿ ಬರೆಯುವಾಗ ಅಂಕಿಯ ನಂತರ ಇಂಗ್ಲಿಷಿನ 'ಇ', 'ಡಿ' ಅಕ್ಷರಗಳನ್ನು ಹಾಕಿದರೆ ಸಾಫ್ಟ್‌ವೇರ್ ರಜೆಗಳನ್ನು ಬಿಡದೆ ಎಣಿಸುತ್ತದೆ.

ಎರಡು ಪ್ರಾಜೆಕ್ಟಿಗೆ ಸೇರಿದ ಕೆಲಸಕ್ಕೆ ಏನು ಮಾಡುವುದು? ಕ್ರೇನ್ ಕುಮಟಾ ಸೈಟಿನ ಕೆಲಸ ಮುಗಿಸಿ ಕಾರವಾರಕ್ಕೆ ಬರಬೇಕು. ಕುಮಟಾದ ಆ ಸಾಲನ್ನು ಕಾರವಾರದ ಫೈಲಿಗೂ ನಕಲು ಮಾಡಿದರೆ ವಾರದೊಳಗೆ ಎರಡೂ ಕಡೆ ಬೇರೆ ಬೇರೆ ತಾರೀಕು ಇರುತ್ತದೆ. ಕೆಲಸ ಒಂದೇ ಫೈಲಿನಲ್ಲಿ ಇರಲಿ, ಇನ್ನೊಂದರಿಂದ ಅದಕ್ಕೆ ಕೊಂಡಿ ಹಾಕಿ. ಆಗ ಅದು ಬೂದು ಬಣ್ಣದಲ್ಲಿ ಕಾಣುತ್ತದೆ. ಒಂದು ಎಚ್ಚರಿಕೆ: ಕೊಂಡಿ ಹಿಡಿದಿಡುವುದು ಫೈಲ್ ಇರುವ ಜಾಗವನ್ನು. ನಮ್ಮಲ್ಲಿ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಅಲ್ಲೇ ತಿದ್ದಿ, ಹೊಸ ಹೆಸರಿನಲ್ಲಿ ಉಳಿಸುವ ಅಭ್ಯಾಸ ಇದೆ. ಅಲ್ಲಿಗೆ ಕೊಂಡಿ ಕಥೆ ಮುಗಿಯಿತು. ಅಸಾನಾ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಈ ತಲೆನೋವಿಲ್ಲ, ಒಂದೇ ಟಾಸ್ಕನ್ನು ನಕಲು ಮಾಡದೆ ಹಲವು ಪ್ರಾಜೆಕ್ಟಿಗೆ ಸೇರಿಸಬಹುದು.

ಶಿರಸಿ, ಸಿದ್ದಾಪುರದ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರ ಪ್ರಶ್ನೆ ಸ್ವಲ್ಪ ಬೇರೆ. ಅವರು ಬಳಸುವುದು ಹೆಚ್ಚಾಗಿ ಜಿರಾ ಎಂಬ ಸಾಫ್ಟ್‌ವೇರ್. ಅಲ್ಲಿ ಒಂದು ಪ್ಲ್ಯಾನಿಗೆ ಕೆಲಸಗಳನ್ನು ಮೂರು ಕಡೆಯಿಂದ ತರಬಹುದು: ಬೋರ್ಡ್, ಪ್ರಾಜೆಕ್ಟ್, ಫಿಲ್ಟರ್. ಜನ ಫಿಲ್ಟರ್ ಇಷ್ಟಪಡುತ್ತಾರೆ, ನಿಯಮ ಬರೆದರೆ ಕೆಲಸಗಳು ತಾವೇ ಬಂದು ಸೇರುತ್ತವೆ ಅಂತ. ಆದರೆ ತಾವೇ ಬಿಟ್ಟೂ ಹೋಗುತ್ತವೆ, ಹೇಳದೆ. 'ಲೇಬಲ್ ಹಳೆಯದು ಆಗಿರಬಾರದು' ಅಂತ ನಿಯಮ ಬರೆದಿರಿ ಅನ್ನಿ. ಹಳೆಯ ಲೇಬಲ್ ಇರುವವು ಹೋಗುತ್ತವೆ, ಸರಿ. ಯಾವ ಲೇಬಲ್ಲೂ ಇಲ್ಲದವೂ ಜೊತೆಗೇ ಹೋಗುತ್ತವೆ! ಖಾಲಿ ಇದ್ದರೂ ಬರಲಿ ಎಂದು ಬೇರೆಯಾಗಿ ಸೇರಿಸಬೇಕು. ಹಾಗೆಯೇ 'ಅಥವಾ', 'ಮತ್ತು' ಎರಡೂ ಇರುವ ನಿಯಮದಲ್ಲಿ ಜಿರಾ 'ಮತ್ತು'ವನ್ನು ಮೊದಲು ಲೆಕ್ಕ ಹಾಕುತ್ತದೆ. ಆವರಣ ಹಾಕದಿದ್ದರೆ ಮುಗಿದ ಕೆಲಸಗಳೂ ಒಳಗೆ ನುಗ್ಗುತ್ತವೆ. ಫಿಲ್ಟರ್ ಬರೆದ ಮೇಲೆ ಒಳಗಿದ್ದದ್ದನ್ನು ನೋಡಿ ಖುಷಿಪಡುವುದು ಸಾಲದು. ನಿಯಮ ಹಾಕದ ಪೂರ್ತಿ ಪಟ್ಟಿಯ ಜೊತೆ ಹೋಲಿಸಿ ಹೊರಗೆ ಉಳಿದದ್ದನ್ನೂ ಒಮ್ಮೆ ಓದಿ.

ನಡುವೆ ಕೆಲಸ ರದ್ದಾದರೆ? ಐಸ್ ಪ್ಲಾಂಟಿನ ಮಾಲೀಕರು ನೆಲಕ್ಕೆ ಹೊಸ ಕಾಂಕ್ರೀಟ್ ಈ ವರ್ಷ ಬೇಡ ಅಂದರು ಅನ್ನಿ. ಸಾಲು ಅಳಿಸಬೇಡಿ, ಬಿಲ್ಲಿನ ಹೊತ್ತಿಗೆ ಅದರ ದಾಖಲೆ ಬೇಕಾಗುತ್ತದೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ಪ್ರೊಫೆಷನಲ್ ಆವೃತ್ತಿಯಲ್ಲಿ 2010ರಿಂದ 'ಇನ್‌ಆ್ಯಕ್ಟಿವ್' ಮಾಡುವ ಸೌಲಭ್ಯ ಇದೆ. ಸಾಲಿನ ಮೇಲೆ ಗೆರೆ ಬೀಳುತ್ತದೆ, ಲೆಕ್ಕದಿಂದ ಹೊರಗೆ ಹೋಗುತ್ತದೆ, ಕಣ್ಣಿಗೆ ಮಾತ್ರ ಕಾಣುತ್ತಿರುತ್ತದೆ. ಹಾಗೆ ಮಾಡುವ ಮುಂಚೆ ಅದರ ಹಿಂದಿನ ಮತ್ತು ಮುಂದಿನ ಕೆಲಸಗಳನ್ನು ನೇರವಾಗಿ ಜೋಡಿಸಿಕೊಳ್ಳಿ. ಇಲ್ಲದಿದ್ದರೆ ಕಾಂಕ್ರೀಟಿಗಾಗಿ ಕಾಯುತ್ತಿದ್ದ 'ಕಂಪ್ರೆಸರ್ ಕೂರಿಸುವುದು' ಹಿಡಿತ ತಪ್ಪಿ, ಇನ್ನೂ ಹಳೆಯದನ್ನು ಬಿಚ್ಚುವ ಮೊದಲೇ, ಪ್ಲ್ಯಾನಿನ ಮೊದಲ ದಿನಕ್ಕೇ ಹೋಗಿ ಕೂತಿರುತ್ತದೆ.