ಕಾಯುತ್ತ ಕುಳಿತ ಪ್ರೊಸೆಸರ್

ಮುದ್ರಣಕ್ಕೆ ಹೆಸರಾದ ಗದಗ-ಬೆಟಗೇರಿಯಲ್ಲಿ ನನ್ನ ಸ್ನೇಹಿತರೊಬ್ಬರು ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರಗಳ ಡಿಟಿಪಿ ಕೆಲಸ ಮಾಡುತ್ತಾರೆ. ಅವರ ಲ್ಯಾಪ್‌ಟಾಪ್ 2010ರಲ್ಲಿ ಕೊಂಡದ್ದು. ಬೆಳಿಗ್ಗೆ ಅದರ ಗುಂಡಿ ಒತ್ತಿ, ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಬಂದರೂ ಪರದೆಯ ಮೇಲೆ ಸಣ್ಣ ವೃತ್ತವೊಂದು ತಿರುಗುತ್ತಲೇ ಇರುತ್ತಿತ್ತು. ನುಡಿ ತಂತ್ರಾಂಶವನ್ನೂ ನೂರಾರು ಫಾಂಟ್‌ಗಳನ್ನೂ ಹೊತ್ತ ಪುಟವಿನ್ಯಾಸದ ಕಡತ ತೆರೆಯಬೇಕಾದರೆ ಇನ್ನಷ್ಟು ಹೊತ್ತು. "ಇದಕ್ಕ ವಯಸ್ಸಾತು, ಪ್ರೊಸೆಸರ್ ಸೋತೈತಿ" ಎಂದು ಅವರು ಹೊಸದನ್ನು ಕೊಳ್ಳುವ ಲೆಕ್ಕದಲ್ಲಿದ್ದರು. ಆದರೆ ಸೋತದ್ದು ಪ್ರೊಸೆಸರ್ ಅಲ್ಲ. ಅದು ದಿನದ ಬಹುಪಾಲು ಮಾಡುತ್ತಿದ್ದ ಕೆಲಸವೆಂದರೆ ಕಾಯುವುದು.

ಯಾವುದಕ್ಕಾಗಿ ಕಾಯುತ್ತಿತ್ತು ಎಂಬುದು ತಿಳಿಯಬೇಕಾದರೆ ಕಡತಗಳನ್ನೆಲ್ಲ ಕೂಡಿಡುವ ಹಾರ್ಡ್ ಡಿಸ್ಕಿನ ಒಳಗನ್ನು ನೋಡಬೇಕು. ಕನ್ನಡಿಯಂತೆ ಹೊಳೆಯುವ, ಸುಮಾರು 65 ಮಿ.ಮೀ. ವ್ಯಾಸದ ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಅದರ ಅಂಚು ಗಂಟೆಗೆ ಸುಮಾರು 65 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ; ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೂ ಸಾಟಿಯಾದ ಓಟ. ಆ ತಟ್ಟೆಯ ಮೇಲೆ, ತಲೆಗೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಗಾಳಿಯ ಪದರದ ಮೇಲೆ ತೇಲುತ್ತ, ಸಣ್ಣ ತೋಳೊಂದರ ತುದಿಯಲ್ಲಿರುವ ಓದುವ ತಲೆ ಅತ್ತಿಂದಿತ್ತ ಚಲಿಸುತ್ತದೆ. 1956ರಲ್ಲಿ ಐಬಿಎಂ ಸಂಸ್ಥೆ 24 ಅಂಗುಲ ವ್ಯಾಸದ 50 ತಟ್ಟೆಗಳನ್ನು ಪೇರಿಸಿ ಮೊದಲ ಡಿಸ್ಕ್ ಯಂತ್ರವನ್ನು ಹೊರತಂದಾಗಿನಿಂದ ಮೂಲ ತತ್ತ್ವ ಇದೇ.

ಬೇಕಾದ ಮಾಹಿತಿಯ ಪಥಕ್ಕೆ ತೋಳು ಸರಿಯಲು ಸುಮಾರು 12 ಮಿಲಿಸೆಕೆಂಡು ಬೇಕು. ಅಲ್ಲಿಗೆ ತಲುಪಿದ ಮೇಲೂ ಮಾಹಿತಿಯಿರುವ ಭಾಗ ಸುತ್ತಿಕೊಂಡು ತಲೆಯ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು, ಎಂದರೆ ಐದೂವರೆ ಮಿಲಿಸೆಕೆಂಡು ಕಾಯಬೇಕು. ಒಟ್ಟು 17 ಮಿಲಿಸೆಕೆಂಡು ಎಂದಿಟ್ಟುಕೊಳ್ಳೋಣ. ನಮಗೆ ಇದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಆದರೆ 2 ಗಿಗಾಹರ್ಟ್ಜ್ ವೇಗದ, ಅಂದರೆ ಸೆಕೆಂಡಿಗೆ 200 ಕೋಟಿ ಸಲ ಮಿಡಿಯುವ ಪ್ರೊಸೆಸರ್‌ಗೆ ಇದು 3 ಕೋಟಿ 40 ಲಕ್ಷ ಮಿಡಿತಗಳ ಕಾಲ. ಅದರ ಒಂದು ಮಿಡಿತವನ್ನು ನಮ್ಮ ಒಂದು ಸೆಕೆಂಡಿಗೆ ಹಿಗ್ಗಿಸಿದರೆ ಈ ಕಾಯುವಿಕೆ 13 ತಿಂಗಳಾಗುತ್ತದೆ. ಈ ವರ್ಷದ ಪಂಚಮಿಯ ದಿನ ಕಾಗದ ತರಲೆಂದು ಗದಗಿನಿಂದ ಹುಬ್ಬಳ್ಳಿಗೆ ಹೋದ ಹುಡುಗ ಮುಂದಿನ ವರ್ಷದ ಗಣೇಶ ಚೌತಿಗೆ ಒಂದೇ ಒಂದು ಹಾಳೆ ಹಿಡಿದು ಮರಳಿದಂತೆ. ವಿಂಡೋಸ್ ಏಳುವಾಗಲೂ ಫಾಂಟ್‌ಗಳು ತೆರೆಯುವಾಗಲೂ ಹೀಗೆ ಸಾವಿರಾರು ಸಣ್ಣ ತುಣುಕುಗಳು ತಟ್ಟೆಯ ಬೇರೆ ಬೇರೆ ಕಡೆಗಳಿಂದ ಬರಬೇಕು, ಮತ್ತು ಪ್ರತಿ ತುಣುಕಿಗೂ ಹುಡುಗ ಮತ್ತೊಮ್ಮೆ ಹೊರಡಬೇಕು.

ಹಾರ್ಡ್ ಡಿಸ್ಕಿನ ಜಾಗದಲ್ಲಿ ಕೂರಿಸಬಹುದಾದ ಎಸ್‌ಎಸ್‌ಡಿಯಲ್ಲಿ (ಸಾಲಿಡ್ ಸ್ಟೇಟ್ ಡ್ರೈವ್) ತಟ್ಟೆಯೂ ಇಲ್ಲ, ತೋಳೂ ಇಲ್ಲ. ಅದರಲ್ಲಿರುವ ನ್ಯಾಂಡ್ ಫ್ಲ್ಯಾಶ್ ಚಿಪ್ಪನ್ನು ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುವೋಕ 1987ರಲ್ಲಿ ಜಗತ್ತಿನ ಮುಂದಿಟ್ಟರು. ನಿರೋಧಕ ಪದರಗಳ ನಡುವೆ ಎಲೆಕ್ಟ್ರಾನ್‌ಗಳನ್ನು ಸೆರೆಹಿಡಿದು, ಎಷ್ಟು ಸಿಕ್ಕಿಕೊಂಡಿವೆ ಎಂಬುದರಿಂದ ಮಾಹಿತಿಯನ್ನು ಗುರುತಿಸುವುದು ಅದರ ವಿಧಾನ. ಯಾವ ಮೂಲೆಯಲ್ಲಿರುವ ಮಾಹಿತಿಯನ್ನು ಕೇಳಿದರೂ 0.1 ಮಿಲಿಸೆಕೆಂಡು ಅಥವಾ ಅದಕ್ಕೂ ಕಡಿಮೆ ಹೊತ್ತಿನಲ್ಲಿ ಸಿಗುತ್ತದೆ. ನಮ್ಮ ಲೆಕ್ಕದ ಹುಡುಗ ಈಗ ಎರಡು ದಿನ ಚಿಲ್ಲರೆಯಲ್ಲಿ ಮರಳುತ್ತಾನೆ.

ಇಲ್ಲೊಂದು ತಪ್ಪು ತಿಳಿವಳಿಕೆ ಅಂಗಡಿಯಲ್ಲೇ ಶುರುವಾಗುತ್ತದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ "ಸೆಕೆಂಡಿಗೆ 550 ಎಂಬಿ" ಎಂದು ಬರೆದಿರುತ್ತದೆ. ಅದು ಒಂದೇ ದೊಡ್ಡ ಕಡತವನ್ನು ಸಾಲಾಗಿ ಓದುವಾಗಿನ ವೇಗ. ಸ್ನೇಹಿತರ ಲ್ಯಾಪ್‌ಟಾಪಿನಲ್ಲಿ ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಸಾಟಾ ಸಂಪರ್ಕ ಎರಡನೆಯ ತಲೆಮಾರಿನದು. ಅದರ ಮಿತಿಯೇ ಸೆಕೆಂಡಿಗೆ 300 ಎಂಬಿ. ಅರ್ಧ ವೇಗ ಹಾಳಾಗುತ್ತದಲ್ಲ ಎಂದು ಅವರು ಹಿಂದೆಗೆದರು. ಹಾಳಾಗುತ್ತದೆ, ನಿಜ, ಆದರೆ ಅವರಿಗೆ ಬೇಕಿದ್ದ ವೇಗ ಅದಲ್ಲ. ಹಳೆಯ ಡಿಸ್ಕ್ ಸೆಕೆಂಡಿಗೆ 60 ಸಣ್ಣ ತುಣುಕುಗಳನ್ನೂ ಕಷ್ಟಪಟ್ಟು ಕೊಡುತ್ತಿದ್ದರೆ, ಎಸ್‌ಎಸ್‌ಡಿ ಹಳೆಯ ಸಂಪರ್ಕದಲ್ಲೂ ಸಾವಿರಾರನ್ನು ಕೊಡುತ್ತದೆ. ಡಬ್ಬಿಯ ಮೇಲೆ ಮೊದಲು ನೋಡಬೇಕಾದ ಸಂಖ್ಯೆ ಇದೇ, ಆದರೆ ಅದು ಇದ್ದರೂ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುತ್ತದೆ.

ಕೊನೆಗೆ ಕೊಂಡದ್ದು ಎರಡೂವರೆ ಅಂಗುಲದ ಸಾಟಾ ಎಸ್‌ಎಸ್‌ಡಿ. ಪಟ್ಟಿಯಂಥ ಸಣ್ಣ ಎಸ್‌ಎಸ್‌ಡಿ ಕೂರುವ ಎಂ.2 ಕಿಂಡಿ ಆ ಕಾಲದ ಯಂತ್ರಗಳಲ್ಲಿ ಇರುವುದಿಲ್ಲ. ಕೆಳಗಿನ ಮುಚ್ಚಳ ಬಿಚ್ಚಿದಾಗ ಹತ್ತಿಯಂತೆ ಗಟ್ಟಿಯಾದ ಧೂಳು ಫ್ಯಾನಿನ ಬಾಯಿಯಲ್ಲಿ ಕುಳಿತಿತ್ತು. ಡಿಸ್ಕನ್ನು ಹಿಡಿದ ನಾಲ್ಕು ಸ್ಕ್ರೂ ತೆಗೆದು, ಅದನ್ನು ಮೇಲಕ್ಕೆ ಎತ್ತದೆ ಪಕ್ಕಕ್ಕೆ ಸರಿಸಿದರೆ ಮಾತ್ರ ಕನೆಕ್ಟರಿನಿಂದ ಬಿಡುತ್ತದೆ. ಹಳೆಯದರ ದಪ್ಪ 9.5 ಮಿ.ಮೀ., ಹೊಸದರದು 7. ಉಳಿದ ಸಂದಿಯಲ್ಲಿ ಅದು ಅಲುಗಾಡದಂತೆ ಲಗ್ನಪತ್ರಿಕೆಯ ರಟ್ಟನ್ನೇ ಕತ್ತರಿಸಿ ಇಟ್ಟೆವು. ಯಂತ್ರ ಏಳುವಾಗ ಮೊದಲು ಓಡುವ ಬಯಾಸ್ ತಂತ್ರಾಂಶದಲ್ಲಿ, ಸಾಟಾ ಡಿಸ್ಕಿನೊಡನೆ ವ್ಯವಹರಿಸುವ ಎಎಚ್‌ಸಿಐ ವಿಧಾನ ಆಯ್ಕೆಯಾಗಿರುವುದನ್ನು ಖಚಿತಪಡಿಸಿಕೊಂಡು, ಹಳೆಯದನ್ನು ನಕಲು ಮಾಡುವ ಬದಲು ಎಲ್ಲವನ್ನೂ ಹೊಸದಾಗಿ ಹಾಕಿದೆವು. ಈಗ ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಯಂತ್ರ ಸಿದ್ಧವಾಗಿರುತ್ತದೆ.

ಫ್ಲ್ಯಾಶ್‌ಗೆ ತನ್ನದೇ ಹಟವೂ ಇದೆ. ಪಾಟಿಯ ಮೇಲೆ ಸಾಲು ಸಾಲಾಗಿ ಬರೆಯಬಹುದು, ಆದರೆ ಅಳಿಸುವಾಗ ಇಡೀ ಪಾಟಿಯನ್ನೇ ಒರೆಸಬೇಕು ಎಂಬ ನಿಯಮವಿದ್ದರೆ ಹೇಗೋ ಹಾಗೆ. ಬರೆಯುವುದು ಪುಟದ ಲೆಕ್ಕದಲ್ಲಿ, ಅಳಿಸುವುದು ನೂರಾರು ಪುಟಗಳ ಕಟ್ಟಿನ ಲೆಕ್ಕದಲ್ಲಿ. ಪ್ರತಿ ಒರೆಸುವಿಕೆಯಲ್ಲೂ ನಿರೋಧಕ ಪದರ ತುಸು ಸವೆಯುವುದರಿಂದ, ಒಂದೇ ಕಟ್ಟು ಬೇಗ ಸವೆಯದಂತೆ ಒಳಗಿನ ನಿಯಂತ್ರಕ ಚಿಪ್ಪು ಬರಹವನ್ನು ಎಲ್ಲೆಡೆ ಹಂಚುತ್ತಿರುತ್ತದೆ. ಯಾವ ಕಡತವನ್ನು ನಾವು ತೆಗೆದುಹಾಕಿದೆವು ಎಂಬುದನ್ನು ಅದಕ್ಕೆ ತಿಳಿಸಲು ಟ್ರಿಮ್ ಎಂಬ ಆದೇಶವಿದೆ. ವಿಂಡೋಸ್ 7ರಿಂದ ಈಚೆಗೆ ಇದು ತಾನಾಗಿಯೇ ಹೋಗುತ್ತದೆ. ಲಗ್ನಪತ್ರಿಕೆ ಮಾಡುವವರ ದಿನನಿತ್ಯದ ಬರಹಕ್ಕೆ ಎಸ್‌ಎಸ್‌ಡಿ ಸವೆದು ಮುಗಿಯುವ ಮೊದಲು ಲ್ಯಾಪ್‌ಟಾಪಿನ ಕೀಲು ಮುರಿದಿರುತ್ತದೆ.

ನಿಜವಾದ ಅಪಾಯ ಬೇರೆ. ಹಾರ್ಡ್ ಡಿಸ್ಕ್ ಸಾಯುವ ಮುನ್ನ ಹಲವು ಸಲ ಟಕ್ ಟಕ್ ಎಂದು ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ಹೇಳದೆ ಕೇಳದೆ ಒಂದು ದಿನ ಕಾಣದಾಗಬಹುದು. ಟ್ರಿಮ್ ಆದ ಮೇಲೆ ಅಳಿಸಿದ ಕಡತವನ್ನು ಮರಳಿ ಪಡೆಯುವುದು ಬಹುಮಟ್ಟಿಗೆ ಅಸಾಧ್ಯ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಡತ ಕೆಡುವ ಸಾಧ್ಯತೆಯೂ ಇದೆ. ಇದಲ್ಲದೆ, ಎಸ್‌ಎಸ್‌ಡಿ ತಂತ್ರಾಂಶದ ಆಯುಸ್ಸನ್ನು ಹೆಚ್ಚಿಸುವುದಿಲ್ಲ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 2010ರ ಯಂತ್ರ ವಿಂಡೋಸ್ 11ರ ಅರ್ಹತೆಯ ಪಟ್ಟಿಯಲ್ಲಿಲ್ಲ. ಸುರಕ್ಷತೆಯ ತಿದ್ದುಪಡಿಗಳು ಬಾರದ ಕಾರಣ ಸ್ನೇಹಿತರು ಅದನ್ನು ಇಂಟರ್‌ನೆಟ್‌ಗೆ ಜೋಡಿಸದೆ ಅಕ್ಷರ ಜೋಡಣೆಗಷ್ಟೇ ಬಳಸುತ್ತಾರೆ. ಹಳೆಯ ಡಿಸ್ಕನ್ನು ಯುಎಸ್‌ಬಿ ಡಬ್ಬಿಯೊಂದರಲ್ಲಿ ಕೂರಿಸಿಕೊಟ್ಟಿದ್ದೇನೆ. ಪ್ರತಿ ಶನಿವಾರ ಸಂಜೆ ಆ ವಾರದ ಪತ್ರಿಕೆಗಳೆಲ್ಲ ಅದಕ್ಕೆ ನಕಲಾಗುತ್ತವೆ, ನಿಧಾನವಾಗಿ.