ಅತಿ ದೊಡ್ಡ ರ‍್ಯಾಪರ್ ಯಾರು ಅಂತ ಅಳೆಯೋದು ಹೇಗೆ?

ಪ್ರಶ್ನೆ: ಸಾರ್ವಕಾಲಿಕ ಶ್ರೇಷ್ಠ ರ‍್ಯಾಪರ್ ಯಾರು ಅಂದರೆ ಒಬ್ಬರು ಎಮಿನೆಮ್ ಅನ್ನುತ್ತಾರೆ, ಇನ್ನೊಬ್ಬರು ಟೂಪಾಕ್ ಅನ್ನುತ್ತಾರೆ. ಇದಕ್ಕೆ ಏನಾದರೂ ಅಳತೆ ಇದೆಯಾ, ಇಲ್ಲಾ ಸುಮ್ನೆ ಅಭಿಮಾನಿಗಳ ಜಗಳವಾ?

ಉತ್ತರ: ಜಗಳ ಅಂತೂ ಇದ್ದೇ ಇದೆ. ಆದರೆ ಮಾರಾಟದ ಲೆಕ್ಕವನ್ನು ಮೊದಲೇ ಬದಿಗಿಡೋಣ. 1990ರಲ್ಲಿ ಎಂಸಿ ಹ್ಯಾಮರ್ ಅವರ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ 21 ವಾರ ಮೊದಲ ಸ್ಥಾನದಲ್ಲಿತ್ತು. ಅದರ ಬೆನ್ನಿಗೇ ವೆನಿಲ್ಲಾ ಐಸ್ ಬಂದು 16 ವಾರ ಅದೇ ಜಾಗದಲ್ಲಿ ಕೂತರು. ಇವತ್ತು ಈ ಚರ್ಚೆಯಲ್ಲಿ ಇಬ್ಬರ ಹೆಸರೂ ಕೇಳಿಬರುವುದಿಲ್ಲ. 1994ರಲ್ಲಿ 20 ವರ್ಷದ ನಾಸ್ ತಂದ 'ಇಲ್‌ಮ್ಯಾಟಿಕ್' 12ನೇ ಸ್ಥಾನಕ್ಕಿಂತ ಮೇಲೆ ಹತ್ತಲೇ ಇಲ್ಲ. ಈಗ ಅದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜೋಪಾನ ಮಾಡಬೇಕೆಂದು ಆರಿಸಿದ ಧ್ವನಿಮುದ್ರಣಗಳ ಪಟ್ಟಿಯಲ್ಲಿದೆ.

ಹಾಗಾದರೆ ಯಾವುದನ್ನು ನೋಡಬೇಕು? ನಾನು ನೋಡುವುದು ಒಂದನ್ನೇ: ಈ ವ್ಯಕ್ತಿ ಬಂದ ಮೇಲೆ ಉಳಿದವರು ತಮ್ಮ ಧಾಟಿ ಬದಲಿಸಿಕೊಳ್ಳಬೇಕಾಯಿತಾ?

ಈ ಮಾತು ಅರ್ಥವಾಗಬೇಕಾದರೆ ರ‍್ಯಾಪ್ ಹುಟ್ಟಿಬಂದ ಹಿಪ್ ಹಾಪ್ ಸಂಗೀತ ಶುರುವಾದ ಕಾಲಕ್ಕೆ ಹೋಗಬೇಕು. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನುಡಿಸಿದ ಪಾರ್ಟಿಯನ್ನೇ ಅದರ ಹುಟ್ಟುಹಬ್ಬ ಅಂತ ಎಣಿಸುತ್ತಾರೆ. ಆಗ ಮೈಕ್ ಹಿಡಿದವರ ಕೆಲಸ ಡಿಜೆಯನ್ನು ಹೊಗಳುವುದು, ಕುಣಿಯುವವರನ್ನು ಹುರಿದುಂಬಿಸುವುದು. ಹಾಗಾಗಿ ದನಿ ಜೋರು, ಸಾಲು ಸರಳ. ಒಂದು ಬಾರ್‌ಗೆ (ಅಂದರೆ ತಾಳದ ಒಂದು ಸುತ್ತಿಗೆ) ನಾಲ್ಕು ಪೆಟ್ಟು, ನಾಲ್ಕನೆಯದಕ್ಕೆ ಸರಿಯಾಗಿ ಪ್ರಾಸ. 1980ರ ದಶಕದ ಮಧ್ಯದಲ್ಲಿ ರನ್-ಡಿಎಂಸಿ ತಂಡದವರು ಮೆರೆದದ್ದೂ ಈ ಕೂಗುವ ಧಾಟಿಯಲ್ಲೇ.

1986ರಲ್ಲಿ ಲಾಂಗ್ ಐಲೆಂಡ್‌ನ ರಾಕಿಮ್ ಎಂಬ 18ರ ಹುಡುಗ, ಡಿಜೆ ಎರಿಕ್ ಬಿ ಜೊತೆ ತನ್ನ ಮೊದಲ ಹಾಡು ರೆಕಾರ್ಡ್ ಮಾಡಿದ. ಸ್ಯಾಕ್ಸೊಫೋನ್ ಕಲಿತವನು, ಜಾನ್ ಕೋಲ್ಟ್ರೇನ್ ಅವರ ಜಾಝ್ ಕೇಳಿ ಬೆಳೆದವನು. ಕೂಗಲಿಲ್ಲ. ಎದುರಿಗೆ ಕೂತು ಮಾತಾಡುವಂತೆ ತಣ್ಣಗೆ ಹೇಳಿದ. ಪ್ರಾಸ ಸಾಲಿನ ಕೊನೆಯಲ್ಲಿ ಮಾತ್ರ ಉಳಿಯದೆ ನಡುವೆಯೂ ಎರಡು ಮೂರು ಕಡೆ ಬಂತು. ವಾಕ್ಯ ಒಂದು ಬಾರ್‌ನಲ್ಲಿ ಮುಗಿಯದೆ ಮುಂದಿನದಕ್ಕೆ ಹರಿಯಿತು. ಮರುವರ್ಷ ಬಂದ 'ಪೇಯ್ಡ್ ಇನ್ ಫುಲ್' ಆಲ್ಬಂ ಕೇಳಿದ ಮೇಲೆ ಹಳೇ ಧಾಟಿ ನಿಜಕ್ಕೂ ಹಳೇದು ಅನ್ನಿಸತೊಡಗಿತು. ನಾಸ್ ಬರೆಯುವ ಕ್ರಮದಲ್ಲಿ ರಾಕಿಮ್ ನೆರಳು ಎದ್ದು ಕಾಣುತ್ತದೆ.

ಎರಡನೇ ಅಕ್ಷರದ ಪ್ರಾಸವನ್ನು ಕಟ್ಟುನಿಟ್ಟಾಗಿ ಪಾಲಿಸಿದ ಹಳಗನ್ನಡ ಕಾವ್ಯ ಇರುವ ನಮಗೆ ಪ್ರಾಸ ಹೊಸತಲ್ಲ. ರ‍್ಯಾಪ್‌ನಲ್ಲಿ ಪ್ರಾಸ ಎಲ್ಲಿ ಬೀಳುತ್ತದೆ ಅನ್ನುವುದೇ ಮುಖ್ಯ. ಕರ್ನಾಟಕ ಸಂಗೀತದ ಕಛೇರಿ ಕೇಳುವವರಿಗೆ ಎಡುಪು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ಗೊತ್ತಿರುತ್ತದೆ. ತಾಳದ ಪೆಟ್ಟಿಗೇ ಹಾಡು ಎತ್ತಿಕೊಳ್ಳಬೇಕೆಂದಿಲ್ಲ. ಸ್ವಲ್ಪ ಮುಂಚೆ, ಸ್ವಲ್ಪ ತಡವಾಗಿಯೂ ಎತ್ತಬಹುದು, ತಾಳ ಮಾತ್ರ ತಪ್ಪಬಾರದು. ರ‍್ಯಾಪರ್‌ಗಳು ಫ್ಲೋ ಅನ್ನುವುದು ಹೆಚ್ಚುಕಡಿಮೆ ಈ ಆಟವನ್ನೇ. ನೊಟೋರಿಯಸ್ ಬಿಐಜಿ ಇದರಲ್ಲಿ ಪಳಗಿದವರು. ಸಾಹಿತ್ಯವನ್ನು ಕಾಗದದಲ್ಲಿ ಬರೆದುಕೊಳ್ಳದೆ ತಲೆಯಲ್ಲೇ ಕಟ್ಟುತ್ತಿದ್ದರು ಅನ್ನುವುದು ಅವರ ಬಗ್ಗೆ ಎಲ್ಲರೂ ಹೇಳುವ ಮಾತು. ಅಂದಹಾಗೆ, ವೇಗ ಬೇರೆ, ಫ್ಲೋ ಬೇರೆ. ಎಮಿನೆಮ್ ದೊಡ್ಡವರಾದದ್ದು ಬೇಗ ಬೇಗ ಹೇಳಿದ್ದಕ್ಕಲ್ಲ. ಪ್ರಾಸವೇ ಕೂಡದ ಪದಗಳ ಉಚ್ಚಾರವನ್ನು ಬಗ್ಗಿಸಿ ಕೂಡಿಸಿದ್ದಕ್ಕೆ.

ಟೂಪಾಕ್ ವಿಷಯದಲ್ಲಿ ನನ್ನ ಅಳತೆ ಸ್ವಲ್ಪ ತಡವರಿಸುತ್ತದೆ. ಬರೀ ಕಸುಬು ನೋಡಿದರೆ ಅವರಿಗಿಂತ ಚತುರರು ಬಹಳ ಜನ ಇದ್ದಾರೆ. ಆದರೆ ಅವರು ಹೇಳಿದ್ದನ್ನು ಜನ ನಂಬಿದರು. ಆ ದನಿಯಲ್ಲಿ ಸಿಟ್ಟು, ದುಃಖ ಎರಡೂ ಒಟ್ಟಿಗೆ ಇರುತ್ತವೆ. ಅದನ್ನು ಯಾರೂ ಹೇಳಿಕೊಡಲಾರರು. 1996ರಲ್ಲಿ 25ರ ಟೂಪಾಕ್, ಆರು ತಿಂಗಳೊಳಗೆ 24ರ ಬಿಐಜಿ ಗುಂಡೇಟಿಗೆ ಬಲಿಯಾದರು. ಅಕಾಲ ಮರಣ ಇಬ್ಬರ ಹೆಸರಿಗೂ ತೂಕ ಸೇರಿಸಿದೆ, ಇದನ್ನು ಒಪ್ಪಿಕೊಂಡೇ ಮಾತಾಡಬೇಕು ಅಲ್ವಾ?

ಇನ್ನೊಂದು ಷರತ್ತಿದೆ: ಸಾಲುಗಳು ಸ್ವಂತದ್ದಾಗಿರಬೇಕು. ಸಿನಿಮಾ ಗಾಯಕರಿಗೆ ಬೇರೆಯವರು ಬರೆದುಕೊಟ್ಟರೆ ನಾವು ತಪ್ಪೆನ್ನುವುದಿಲ್ಲ. ರ‍್ಯಾಪ್‌ನಲ್ಲಿ ಅದು ಅವಮಾನ. 2015ರಲ್ಲಿ ರ‍್ಯಾಪರ್ ಡ್ರೇಕ್ ಮೇಲೆ ಇನ್ನೊಬ್ಬ ರ‍್ಯಾಪರ್ ಮೀಕ್ ಮಿಲ್ ಹೊರಿಸಿದ ಆರೋಪ ಇದೇ. ಅದರ ಕಲೆ ಇನ್ನೂ ಪೂರ್ತಿ ಹೋಗಿಲ್ಲ.

ಎಷ್ಟು ಕಾಲ ಬಾಳಿದರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 1996ರಲ್ಲಿ ಮೊದಲ ಆಲ್ಬಂ ತಂದ ಜೇ-ಝೀ 2017ರಲ್ಲೂ ಕೇಳುವಂಥದ್ದನ್ನೇ ಕೊಟ್ಟರು. ಲಾರಿನ್ ಹಿಲ್ ಒಂಟಿಯಾಗಿ ತಂದ ಸ್ಟುಡಿಯೋ ಆಲ್ಬಂ 1998ರದ್ದು ಒಂದೇ. ಅದಕ್ಕೆ ಮರುವರ್ಷ ಗ್ರ್ಯಾಮಿಯ ವರ್ಷದ ಆಲ್ಬಂ ಪ್ರಶಸ್ತಿ ಬಂತು. ಹಿಪ್ ಹಾಪ್‌ಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಅವರನ್ನು ಪಟ್ಟಿಯಿಂದ ಬಿಡುವವರು 'ಒಂದೇ ಆಲ್ಬಂ' ಅನ್ನುತ್ತಾರೆ. ಬಿಐಜಿ ಬದುಕಿದ್ದಾಗ ಬಂದ ಸ್ವಂತ ಆಲ್ಬಂ ಕೂಡ ಒಂದೇ. ಅಲ್ಲಿ ಮಾತ್ರ ಯಾರೂ ಈ ತಕರಾರು ಎತ್ತುವುದಿಲ್ಲ!

ರ‍್ಯಾಪರ್ ಕೆಂಡ್ರಿಕ್ ಲಮಾರ್‌ಗೆ 2018ರಲ್ಲಿ ಅಮೆರಿಕದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಬಂತು. ಸಂಗೀತ ವಿಭಾಗದಲ್ಲಿ ಶಾಸ್ತ್ರೀಯ, ಜಾಝ್ ಬಿಟ್ಟು ಹೊರಗಿನವರಿಗೆ ಅದು ಸಿಕ್ಕಿದ್ದು ಮೊದಲ ಸಲ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಒಂದೇ ಆಲ್ಬಂನೊಳಗೆ ದನಿ ಬದಲಿಸಿ ಬೇರೆ ಬೇರೆ ಪಾತ್ರಗಳಾಗಿ ಮಾತಾಡುವ ರೀತಿ. ಈಗ ಹಾಡುತ್ತಿರುವವರಲ್ಲಿ ನನ್ನ ಮತ ಅವರಿಗೆ. ಒಟ್ಟಾರೆ ಒಬ್ಬರೇ ಅಂದರೆ ರಾಕಿಮ್. ಅನುಮಾನ ಇದ್ದರೆ 1985ರ ಯಾವುದಾದರೂ ರ‍್ಯಾಪ್ ಕೇಳಿ, ಅದರ ಹಿಂದೆಯೇ 'ಪೇಯ್ಡ್ ಇನ್ ಫುಲ್' ಹಾಕಿ. ಆಮೇಲೆ ಬೇಕಾದರೆ ನನ್ನ ಜೊತೆ ಜಗಳಕ್ಕೆ ಬನ್ನಿ.