ಚಾರ್ಜ್ 23: ಪೆನ್ ತಿರುಗಿಸುವವರ ಮೊದಲ ಪಾಠ

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಪರೀಕ್ಷೆ ಹತ್ತಿರ ಬಂತೆಂದರೆ ಹುಡುಗರ ಕೈಯಲ್ಲಿ ಪೆನ್ನು ಬರೆಯುವುದಕ್ಕಿಂತ ತಿರುಗುವುದೇ ಜಾಸ್ತಿ. ಮೆಟ್ಟಿಲ ಮೇಲೆ ಕೂತು ‘ನಿಂಗೆ ಚಾರ್ಜ್ ಟೂ-ಥ್ರೀ ಬರುತ್ತಾ?’ ಎಂದು ಕೇಳಿಕೊಳ್ಳುತ್ತಾರೆ. ಚಾರ್ಜ್ ಎಂದರೆ ಪೆನ್ನು ತಿರುಗಿಸುವ ಒಂದು ಆಟ, ಟೂ-ಥ್ರೀ ಅದರ ಜೊತೆಗಿನ ಅಂಕಿ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಅಂಕಿ. ತೋರುಬೆರಳು 1, ನಡುಬೆರಳು 2, ಉಂಗುರಬೆರಳು 3, ಕಿರುಬೆರಳು 4. ಹೆಬ್ಬೆರಳಿಗೆ ಅಂಕಿ ಇಲ್ಲ, ಇಂಗ್ಲಿಷಿನ ‘ಟಿ’ ಅಕ್ಷರ. ಎರಡು ಅಂಕಿ ಒಟ್ಟಿಗೆ ಬಂದರೆ ಆ ಎರಡು ಬೆರಳುಗಳ ನಡುವಿನ ಸಂದು ಎಂದರ್ಥ. ಹಾಗಾಗಿ ಚಾರ್ಜ್ 23 ಎಂದರೆ ನಡುಬೆರಳು, ಉಂಗುರಬೆರಳುಗಳ ಸಂದಿನಲ್ಲಿ ಮಾಡುವ ಚಾರ್ಜ್. ಅದನ್ನು ಇಪ್ಪತ್ಮೂರು ಎಂದು ಯಾರೂ ಓದುವುದಿಲ್ಲ.

ಇನ್ನು ಚಾರ್ಜ್. ಇದರಲ್ಲಿ ಪೆನ್ನು ಸಂದು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಒಂದು ತುದಿ ಅಂಗೈ ಕಡೆ, ಇನ್ನೊಂದು ಕೈಯ ಹಿಂಬದಿಯ ಕಡೆ ಬರುವಂತೆ ಪೆನ್ನಿನ ನಡುಭಾಗವನ್ನು ಸಡಿಲವಾಗಿ ಹಿಡಿಯಬೇಕು. ಒಂದು ಬೆರಳು ಮೇಲೆ ಹೋದಾಗ ಇನ್ನೊಂದು ಕೆಳಗೆ, ಆಮೇಲೆ ಅದಲುಬದಲು. ಸರಿಯಾಗಿ ಬಂದರೆ ಎರಡೂ ತುದಿಗಳು ಸುತ್ತು ಹೊಡೆದು ಗಾಳಿಯಲ್ಲಿ ಬುಡುಬುಡಿಕೆಯ ಆಕಾರ ಮೂಡುತ್ತದೆ. ನಡು ಸಣ್ಣ, ಎರಡೂ ಕಡೆ ಅಗಲ. ಶುರುವಿನಲ್ಲಿ ಪೆನ್ನು ಸುಮ್ನೆ ಆಚೀಚೆ ಓಲಾಡುತ್ತದೆ, ಸುತ್ತುವುದಿಲ್ಲ. ಆಗ ಎಲ್ಲರೂ ಮಣಿಕಟ್ಟು ಅಲ್ಲಾಡಿಸಲು ಹೋಗುತ್ತಾರೆ. ಅದು ಬೇಡ, ಕೆಲಸವೆಲ್ಲ ಬೆರಳುಗಳದ್ದೇ. ಹಿಡಿತ ಸ್ವಲ್ಪ ಸಡಿಲಿಸಿ, ನಿಧಾನಕ್ಕೆ ದೊಡ್ಡ ಸುತ್ತು ಬರಿಸಿ. ವೇಗ ತಾನಾಗಿ ಬರುತ್ತದೆ.

ಇದೇ ಆಟವನ್ನು 12ರಲ್ಲೂ 34ರಲ್ಲೂ ಆಡಬಹುದು. ಕಿರುಬೆರಳು ಹೇಳಿದ ಮಾತು ಕೇಳದ್ದರಿಂದ 34 ಸತಾಯಿಸುತ್ತದೆ. ಉಲ್ಟಾ ದಿಕ್ಕಿಗೆ ಸುತ್ತಿದರೆ ಹೆಸರಿನ ಜೊತೆ ‘ರಿವರ್ಸ್’ ಸೇರುತ್ತದೆ.

ಪೆನ್ನು ಒಂದು ಸಂದಿನಿಂದ ಇನ್ನೊಂದಕ್ಕೆ ಹೋಗುವ ಆಟಗಳಿಗೆ ನಡುವೆ ಅಡ್ಡಗೆರೆ ಹಾಕುತ್ತಾರೆ. ಸೋನಿಕ್ ಅಂಥದ್ದೊಂದು ಆಟ; ಸೋನಿಕ್ 23-12 ಎಂದರೆ 23ರಲ್ಲಿ ಶುರುವಾಗಿ 12ರಲ್ಲಿ ಮುಗಿಯಿತು. ಒಂದಾದ ಮೇಲೆ ಒಂದು ಬಂದರೆ ನಡುವೆ ‘>’ ಗುರುತು: ಚಾರ್ಜ್ 23 > ಸೋನಿಕ್ 23-12. ಮೊದಲ ಆಟ ಮುಗಿದ ಸಂದಿನಲ್ಲೇ ಮುಂದಿನದು ಶುರುವಾಗುತ್ತಿದೆ, ನೋಡಿದಿರಾ? ಬರೆದದ್ದು ಕೈಯಲ್ಲಿ ಆಗುವಂಥದ್ದೋ ಅಲ್ಲವೋ ಎಂದು ಹೀಗೆ ಕಾಗದದ ಮೇಲೇ ಪರೀಕ್ಷಿಸಬಹುದು. ಆದರೆ ಬೆರಳು ಹೇಗೆ ಆಡಿಸಬೇಕೆಂದು ಈ ಅಂಕಿ-ಗುರುತುಗಳು ಹೇಳುವುದಿಲ್ಲ. ಅದಕ್ಕೆ ಬಲ್ಲವರ ಕೈಯನ್ನೇ ನೋಡಬೇಕು.

ಪೆನ್ನು ತೀರಾ ಹಗುರ ಬೇಡ, ಎರಡೂ ತುದಿಯ ತೂಕ ಹೆಚ್ಚುಕಮ್ಮಿ ಒಂದೇ ಇರಲಿ. ಅಭ್ಯಾಸ ಹಾಸಿಗೆ ಮೇಲೆ ಕೂತು ಮಾಡಿ. ರಾತ್ರಿ ಟೈಲ್ಸ್ ಮೇಲೆ ಪದೇ ಪದೇ ಪೆನ್ನು ಬಿದ್ದರೆ ಕೆಳಗಿನ ಮನೆಯ ಕಾಕೂ ಬಾಗಿಲು ತಟ್ಟುತ್ತಾರೆ.